ದೀನಾಬಾಯಿಯ ನೂರಾ ಐವತ್ತೈದು ಸುತ್ತು

ನನಗೆ ಸಿಟ್ಟು ಬೇಗ ಬರುತ್ತದೆ. ನಾನೇ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹಳೇಹುಬ್ಬಳ್ಳಿಯಲ್ಲಿ ಯಾರನ್ನು ಕೇಳಿದರೂ ಹೇಳಿಯಾರು. ಆದರೆ ಸಿಟ್ಟು ಬೇರೆ, ಹೊಟ್ಟೆಕಿಚ್ಚು ಬೇರೆ. ಸಿಟ್ಟು ಬಂದರೆ ನಾಲ್ಕು ಮಾತು ಬೈದು, ಒಂದು ಪಾತ್ರೆ ಕುಕ್ಕಿ, ಚಹಾ ಕುಡಿದು ಸುಮ್ಮನಾಗುತ್ತೇನೆ. ಹೊಟ್ಟೆಕಿಚ್ಚು ಹಾಗಲ್ಲ. ಅದು ಉಂಡದ್ದನ್ನು ಅರಗಗೊಡುವುದಿಲ್ಲ, ನಮಾಜಿನಲ್ಲಿ ಮನಸ್ಸು ನಿಲ್ಲಗೊಡುವುದಿಲ್ಲ. ನನಗೆ ಅದು ಹತ್ತಿಕೊಂಡದ್ದು ಲಡಾಯಿಯ ಮೂರನೆಯ ವರ್ಷ, ಮಿಶನ್ ಸಾಲೆಯ ಮಾಸ್ತರಬಾಯಿ ದೀನಾಳ ಮೇಲೆ.

ನನ್ನ ಗಂಡ ಹಜರತಅಲಿ ಕರೆಂಟಿನ ಮಿಸ್ತ್ರಿ. ವಾಯರು ಎಳೆಯುತ್ತಿದ್ದರು, ಪಂಖಾ ರಿಪೇರಿ ಮಾಡುತ್ತಿದ್ದರು, ಎಲ್ಲಕ್ಕಿಂತ ಹೆಚ್ಚಾಗಿ ಕರೆಂಟಿನ ಇಸ್ತ್ರಿಗಳನ್ನು ದುರಸ್ತಿ ಮಾಡುತ್ತಿದ್ದರು. ಇಸ್ತ್ರಿಯ ಹೊಟ್ಟೆಯೊಳಗೆ ಒಂದು ಅಭ್ರಕದ ಹಾಳೆ ಇರುತ್ತದೆ, ಅದರ ಮೇಲೆ ತೆಳ್ಳಗಿನ ತಂತಿ ಸುತ್ತಿರುತ್ತದೆ. ಅದಕ್ಕೆ ಕಾಯಿಲ್ ಅನ್ನುತ್ತಾರೆ. ಇಸ್ತ್ರಿ ಕಾಯುವುದು ಅದರಿಂದ. ವಿಲಾಯತಿ ಕಾಯಿಲ್ ಸಿಗುವುದು ಕಷ್ಟವೆಂದು ನಾವು ಆರು ವರ್ಷದಿಂದ ಮನೆಯಲ್ಲೇ ಸುತ್ತುತ್ತಿದ್ದೆವು. ಸುತ್ತುತ್ತಿದ್ದೆವು ಅಂದರೆ ನಾನು ಸುತ್ತುತ್ತಿದ್ದೆ. ನಮ್ಮವರ ಬೆರಳು ದಪ್ಪ, ತಂತಿ ಒಂದರ ಮೇಲೊಂದು ಏರಿ ಕುಳಿತುಬಿಡುತ್ತಿತ್ತು. ನನ್ನ ಕೈಯಲ್ಲಿ ಒಂದು ಎಳೆಗೂ ಇನ್ನೊಂದು ಎಳೆಗೂ ನಡುವೆ ಕೂದಲು ಹೋಗುವಷ್ಟು ಜಾಗ, ಮೊದಲಿನಿಂದ ಕೊನೆಯವರೆಗೆ ಒಂದೇ ಸಮ.

ಎಷ್ಟು ಸುತ್ತು ಎಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲು ಎಂಬತ್ತು ಸುತ್ತಿದೆ, ಸುಟ್ಟುಹೋಯಿತು. ನೂರಾ ಇಪ್ಪತ್ತು ಸುತ್ತಿದೆ, ಉಗುರುಬೆಚ್ಚಗಾಗಿ ಕುಳಿತಿತು. ಹೀಗೆ ಕೆಡಿಸಿ ಕೆಡಿಸಿ ತೊಂಬತ್ತೊಂಬತ್ತಕ್ಕೆ ಬಂದು ನಿಂತೆ. ಎಣಿಕೆ ತಪ್ಪಬಾರದೆಂದು ಮಡಿಲಲ್ಲಿ ತೊಂಬತ್ತೊಂಬತ್ತು ಜಪಮಣಿಯ ತಸಬಿ ಇಟ್ಟುಕೊಂಡು, ಒಂದು ಸುತ್ತಿಗೆ ಒಂದು ಮಣಿ ಸರಿಸುತ್ತಿದ್ದೆ. ತಸಬಿ ಮುಗಿದರೆ ಕಾಯಿಲ್ ಮುಗಿಯಿತು. ಬೆಳಿಗ್ಗೆ ನಮ್ಮವರು ಅಂಗಡಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ಅಂಗೈ ಚಾಚುತ್ತಿದ್ದರು, ನಾನು ಅದರ ಮೇಲೆ ಕಾಯಿಲ್ ಇಡುತ್ತಿದ್ದೆ. ಬೆಳಕಿಗೆ ಹಿಡಿದು ನೋಡಿ "ನಿನ್ನ ಕೈಗೆ ಸರಿ ಯಾರದೂ ಇಲ್ಲ ಗುಲ್ಜಾರ" ಅನ್ನುತ್ತಿದ್ದರು. ನಮ್ಮ ಗಲ್ಲಿಯ ಗಿರಾಕಿಗಳು ನಮ್ಮವರೇ ಸುತ್ತಿದ್ದಾರೆಂದು ತಿಳಿಯುತ್ತಿದ್ದರು. ತಿಳಿಯಲಿ. ಅವರಿಗೆ ಗೊತ್ತಿತ್ತಲ್ಲ, ನನಗೆ ಅಷ್ಟೇ ಬೇಕಾಗಿತ್ತು.

ಆ ವರ್ಷ ನಮ್ಮ ಗಲ್ಲಿಯ ಖಾಜಾಸಾಬ ಲಷ್ಕರದ ಖಾಕಿ ಅಂಗಿ ಹೊಲಿಯುವ ಗುತ್ತಿಗೆ ಹಿಡಿದ. ಗಲ್ಲಿಯ ಕೊನೆಗೆ ದೊಡ್ಡ ತಗಡಿನ ಶೆಡ್ಡು ಹಾಕಿ ಮೂವತ್ತು ಮಷಿನ್ ಇಟ್ಟ. ಗೋಣಿತಟ್ಟಿನ ಪರದೆಯ ಆಚೆ ಕಾಜಾ ಗುಂಡಿ ಹಾಕುವ ಹೆಂಗಸರು ಕೂಡುತ್ತಿದ್ದರು. ಆತ ನಮ್ಮವರನ್ನು ಕರೆದು, ನಾಲ್ಕು ಕರೆಂಟಿನ ಇಸ್ತ್ರಿ ಮಾಡಿಕೊಡು, ಅವು ಸರಿಯಾಗಿ ನಡೆದರೆ ಶೆಡ್ಡಿಗೆ ನೀನೇ ಕಾಯಂ ಮಿಸ್ತ್ರಿ ಎಂದ. ನಮ್ಮವರು ಕುಣಿಯುತ್ತ ಮನೆಗೆ ಬಂದರು. ನಾನೂ ಕುಣಿದೆ, ಸುಳ್ಳು ಯಾಕೆ ಹೇಳಲಿ.

ಅದೇ ವಾರ ನಮ್ಮವರು ಮಿಶನ್ ಸಾಲೆಗೆ ಪಂಖಾ ದುರಸ್ತಿಗೆ ಹೋದರು.

ಸಂಜೆ ಮನೆಗೆ ಬಂದವರ ಮುಖವೇ ಬೇರೆ ಇತ್ತು. ರೊಟ್ಟಿ ಮುರಿಯುತ್ತ ಶುರು ಮಾಡಿದರು.

"ಗುಲ್ಜಾರ, ಅಲ್ಲೊಬ್ಬ ಬಾಯಿ ಅದಾಳ. ದೀನಾಬಾಯಿ ಅಂತ. ಧಾರವಾಡದಾಕಿ. ಆಕಿ ಅಪ್ಪ ಇಮ್ಯಾನುಯೆಲ್ ಸಾಹೇಬ ರೇಲ್ವೆ ಕಾರಖಾನ್ಯಾಗ ಕರೆಂಟಿನ ಖಾತೆದಾಗ ಇದ್ದನಂತ. ಸಾಯೂಮುಂದ ಎರಡು ಮೀಟರ್ ಮಗಳಿಗೆ ಕೊಟ್ಟು ಸತ್ತಾನ. ಒಂದು ವೋಲ್ಟ್ ತೋರಸ್ತೈತಿ, ಒಂದು ಆಂಪಿಯರ್."

"ಅದಕ್ಕ ನಿಮಗೇನಾತು?"

"ಕೇಳಿಲ್ಲೆ. ವೋಲ್ಟ್ ಅಂದ್ರ ನೀರಿನ ಒತ್ತಡ ಇದ್ದಂಗ. ಆಂಪಿಯರ್ ಅಂದ್ರ ಹರಿಯೂ ನೀರು. ನಳ ಸಣ್ಣದಿದ್ರ ನೀರು ಕಡಿಮಿ ಹರೀತೈತಿ, ಹೌದಲ್ಲ? ಆ ಸಣ್ಣತನಕ್ಕ ರೋಧ ಅಂತಾರ, ಓಮ್‌ದಾಗ ಎಣಸ್ತಾರ. ವೋಲ್ಟನ್ನ ಆಂಪಿಯರಿಂದ ಭಾಗಿಸಿದ್ರ ಓಮ್ ಬರ್ತೈತಿ. ವೋಲ್ಟಿಗೆ ಆಂಪಿಯರ್ ಗುಣಿಸಿದ್ರ ವ್ಯಾಟ್ ಬರ್ತೈತಿ, ಅಂದ್ರ ಶಕ್ತಿ. ಮುಗೀತು. ಹದಿನೈದು ವರ್ಷ ಕತ್ತಿ ದುಡಿದಂಗ ದುಡಿದೆ, ಇಷ್ಟು ಮಾತು ನನಗ ಯಾರೂ ಹೇಳಲಿಲ್ಲ."

ನಾನು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಅವರು ಮೆಲ್ಲಗೆ ಹೇಳಿದ ಮಾತಿಗೆ ಕೈ ನಿಂತಿತು. ಚೀಲದಲ್ಲಿದ್ದ ನನ್ನ ಕಾಯಿಲ್ ಒಂದನ್ನು ಅವರು ಆಕೆಗೆ ತೋರಿಸಿದ್ದರು. ಆಕೆ ಅದನ್ನು ಮೀಟರಿಗೆ ಹಚ್ಚಿದ್ದಳು. ಇನ್ನೂರಾ ಮೂವತ್ತು ವೋಲ್ಟಿಗೆ ಮೂರು ಆಂಪಿಯರಿಗಿಂತ ಮೇಲೆ ಎಳೆಯಿತಂತೆ. ಭಾಗಿಸಿದರೆ ಎಪ್ಪತ್ತನಾಲ್ಕು ಓಮ್, ಗುಣಿಸಿದರೆ ಏಳುನೂರರ ಮೇಲೆ ವ್ಯಾಟ್. ಇಸ್ತ್ರಿಗೆ ಬೇಕಾದದ್ದು ನಾಲ್ಕುನೂರಾ ಅರವತ್ತು.

"ಭಾಳ ಜಗ್ಗತೈತಂತ, ಸುಡತೈತಂತ" ಅಂದರು. "ಎರಡು ಆಂಪಿಯರ್ ಸಾಕು. ಇನ್ನೂರಾ ಮೂವತ್ತನ್ನ ಎರಡರಿಂದ ಭಾಗಿಸು. ನೂರಾ ಹದಿನೈದು ಓಮ್ ಆಗಬೇಕು. ಅದಕ್ಕ ಸುತ್ತು ನೂರಾ ಐವತ್ತೈದು."

"ಆರು ವರ್ಷದಾಗ ನನ್ನ ಕಾಯಿಲ್ ಎಷ್ಟು ಸುಟ್ಟಾವ್ರೀ? ಹೇಳ್ರಿ, ಬೆರಳ ಮಡಚ್ರಿ."

ಅವರು ಬೆರಳು ಮಡಚಲಿಲ್ಲ. ಕೇಳಿಸಿಕೊಳ್ಳದವರಂತೆ ಆಕೆಯ ಲೆಕ್ಕವನ್ನೇ ಮತ್ತೊಮ್ಮೆ ಹೇಳತೊಡಗಿದರು. ಆ ಹೊತ್ತು ನನ್ನ ಹೊಟ್ಟೆಯಲ್ಲಿ ಕಡ್ಡಿ ಗೀರಿದ ಹಾಗಾಯಿತು.

ಆಮೇಲೆ ದಿನವೂ ಸಾಲೆ ಬಿಡುವ ಹೊತ್ತಿಗೆ ಅಲ್ಲಿಗೆ ಹೋಗುವುದು, ಕಟ್ಟೆಯ ಮೇಲೆ ಕುಳಿತು ಲೆಕ್ಕ ಕಲಿಯುವುದು. ಬಂದ ಮೇಲೆ ಬಾಯಿಯವರು ಹಾಗೆ ಅಂದರು, ಬಾಯಿಯವರು ಹೀಗೆ ಅಂದರು. ಆಕೆ ಧಾರವಾಡದ ಶುದ್ಧ ಮಾತಿನವಳು, ಐತಿ ಅನ್ನುವುದಿಲ್ಲ, ಅದ ಅನ್ನುತ್ತಾಳೆ. ಹತ್ತು ದಿನ ಕಳೆಯುವುದರೊಳಗೆ ನಮ್ಮವರೂ ಅದ ಅನ್ನತೊಡಗಿದರು. "ಪಲ್ಯಾ ಛಲೋ ಅದ" ಅಂದಾಗ ಪಲ್ಯದ ಪಾತ್ರೆ ಎತ್ತಿ ಒಳಗಿಟ್ಟೆ. ಯಾಕೆ ಎಂದು ಅವರಿಗೆ ತಿಳಿಯಲೇ ಇಲ್ಲ.

ಹತ್ತಿರದ ಹಳ್ಳಿ ಸುಳ್ಳದಿಂದ ಬೆಣ್ಣೆ ಮಾರಲು ಬರುವ ಹುಲಿಗೆವ್ವ ಉರಿಗೆ ಎಣ್ಣೆ ಹೊಯ್ದಳು. ಬುಟ್ಟಿ ಇಳಿಸಿ, ಎಲೆ ಅಡಿಕೆ ಹಾಕಿಕೊಂಡು ಹೇಳಿದಳು.

"ನಿಮ್ಮ ಮಿಸ್ತ್ರಿನ್ನ ನೋಡಿದ್ನೆವ್ವಾ. ಸಾಲಿ ಕಟ್ಟಿ ಮ್ಯಾಲೆ ಪಾಟಿ ಹಿಡಕೊಂಡು ಕುಂತಿದ್ದ. ಆ ಕನ್ನಡಕದ ಬಾಯಿ ಬರಿಯಾಕತ್ತಿದ್ಲು, ಇವ ಬಾಯಿ ತಕ್ಕೊಂಡು ನೋಡಾಕತ್ತಿದ್ದ."

"ಲೆಕ್ಕ ಕಲಿಯಾಕ ಹೋಗ್ಯಾರ."

"ಕಲೀಲಿ ಬಿಡವಾ. ನಾ ಬ್ಯಾಡಂದ್ನೇನು. ನನ್ನ ಗಂಡ ಐವತ್ತು ವರ್ಷಾದ್ರೂ ನನ್ನ ಮಾರಿ ಹಂಗ ನೋಡಿಲ್ಲ, ಅದಕ್ಕ ಹೇಳಿದೆ."

ಆಕೆಯಿಂದ ಅವತ್ತು ಬೆಣ್ಣೆ ಕೊಳ್ಳಲಿಲ್ಲ.

ನೋಡಿ, ನನ್ನ ಗಂಡ ಅಂಥವರಲ್ಲ. ದೀನಾಬಾಯಿಯೂ ಅಂಥವಳಲ್ಲ, ಮೂವತ್ತು ದಾಟಿದ, ಬಿಳಿ ಸೀರೆಯ, ಪಾದ್ರಿಯವರ ಎದುರಿನಲ್ಲೇ ಕುಳಿತು ಪಾಠ ಹೇಳುವ ಹೆಂಗಸು. ಅದು ನನಗೆ ಗೊತ್ತಿತ್ತು. ಆಕೆ ನನ್ನ ಗಂಡನನ್ನು ಕಸಿದುಕೊಂಡರೆ ಜಗಳ ಮಾಡಬಹುದಿತ್ತು, ಗಲ್ಲಿಯ ಜನರೆಲ್ಲ ನನ್ನ ಕಡೆ ನಿಲ್ಲುತ್ತಿದ್ದರು. ಆಕೆ ಕಸಿದದ್ದು ಬಾಗಿಲಲ್ಲಿ ಚಾಚಿದ ಆ ಅಂಗೈಯನ್ನು. ಅದಕ್ಕೆ ಯಾವ ಪಂಚರ ಹತ್ತಿರ ಹೋಗಲಿ?

ಕಡೆಗೆ ನಾನೇ ಹಟ ಹಿಡಿದೆ. ಆಕೆಯ ಲೆಕ್ಕದ ಕಾಯಿಲ್ ಒಂದು, ನನ್ನ ಕಾಯಿಲ್ ಒಂದು, ಎರಡನ್ನೂ ಖಾಜಾಸಾಬನ ಶೆಡ್ಡಿನಲ್ಲಿ ಎಲ್ಲರ ಎದುರು ಹಚ್ಚಿ ನೋಡೋಣ ಎಂದೆ. ಖಾಜಾಸಾಬ ಒಪ್ಪಿದ. ಮಷಿನ್ ನಿಂತಿರುವ ದಿನ ಬರ್ರಿ, ಕೆಲಸದ ಹೊತ್ತಿನಲ್ಲಿ ತಮಾಷೆ ಬೇಡ ಎಂದ. ಹಾಗಾಗಿ ಶುಕ್ರವಾರ ಗೊತ್ತಾಯಿತು, ಜುಮಾ ನಮಾಜು ಮುಗಿದ ಮೇಲೆ. ನಮ್ಮ ಗಲ್ಲಿಯಲ್ಲಿ ಶುಕ್ರವಾರ ಎಲ್ಲವೂ ಬಂದ್. ಶೆಡ್ಡು ಬಂದ್, ಮಗ್ಗುಲಿಗಿರುವ ಯಾಕೂಬಸಾಬನ ಎಣ್ಣೆ ಗಿರಣಿಯೂ ಬಂದ್. ಆ ದಿನವನ್ನು ಆರಿಸಿದ ನಮಗೆ ಯಾರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ದೀನಾಬಾಯಿ ಮೀಟರಿನ ಕಟ್ಟಿಗೆಪೆಟ್ಟಿಗೆ, ತಾನೇ ಸುತ್ತಿದ ಕಾಯಿಲ್ ಹಿಡಿದುಕೊಂಡು ಬಂದಳು. ಪರದೆಯ ಈಚೆ, ತಮಾಷೆ ನೋಡಲು ಬಂದ ಹೆಂಗಸರ ಜೊತೆ ಕುಳಿತ ನನ್ನನ್ನು ಹುಡುಕಿಕೊಂಡು ಬಂದು ಕೈ ಮುಗಿದಳು.

"ನೀವ ಏನ್ರಿ ಗುಲ್ಜಾರಬಿ? ನಿಮ್ಮ ಕೆಲಸ ನೋಡೇನ್ರಿ. ಭಾಳ ಛಂದ ಅದ. ಲೆಕ್ಕ ಅಷ್ಟ ತಪ್ಪೇದ, ಕೈಯೇನು ತಪ್ಪಿಲ್ಲ."

ಹೊಗಳಿದಳೋ ಹೊಡೆದಳೋ ತಿಳಿಯಲಿಲ್ಲ. ಮುಖದಲ್ಲಿ ಕುಹಕವಿದ್ದರೆ ಅಲ್ಲೇ ತೊಳೆದುಬಿಡುತ್ತಿದ್ದೆ, ಆದರೆ ಆಕೆ ಖರೇನೇ ಹೇಳುತ್ತಿದ್ದಳು. ನಾನು ತಲೆ ಅಲ್ಲಾಡಿಸಿದೆ.

ಮೊದಲು ಆಕೆಯ ಇಸ್ತ್ರಿ. ಮೀಟರು ಇನ್ನೂರಾ ಮೂವತ್ತು ತೋರಿಸಿತು. ನಿಧಾನಕ್ಕೆ ಕಾಯಿತು, ಹದವಾಗಿ ನಿಂತಿತು. ಖಾಜಾಸಾಬ ನೀರು ಚಿಮುಕಿಸಿ ಒಂದು ಅಂಗಿ ಒತ್ತಿ, ಗೆರೆ ನೋಡಿ, ಛಲೋ ಎಂದ. ಆಮೇಲೆ ನನ್ನದು. ಲಗುಬಗೆ ಕಾಯಿತು. "ಮಿಸ್ತ್ರಿ, ಇದು ಭಾಳ ಲಗೂ ಕಾಯ್ತಲ್ಲೋ" ಎಂದು ಖಾಜಾಸಾಬ ಅಂದಾಗ ನನ್ನ ಎದೆ ಉಬ್ಬಿತು. ಉಬ್ಬಿದ ಎದೆ ಇಳಿಯುವುದರೊಳಗೆ ವಾಸನೆ ಬಂತು. ಅಂಗಿಯ ತೋಳಿನ ಮೇಲೆ ಇಸ್ತ್ರಿಯ ಆಕಾರಕ್ಕೆ ಕಂದು ಕಲೆ ಬಿತ್ತು, ಒಳಗಿಂದ ಟಪ್ಪೆಂದಿತು, ಹೊಗೆ ಎದ್ದಿತು. ಕಾಜಾ ಹಾಕುವ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುವುದನ್ನು ಮುಚ್ಚಲು ಸೆರಗು ಸಾಲಲಿಲ್ಲ.

ಮನೆಗೆ ಬಂದ ಮೇಲೆ ನಮ್ಮವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಒಂದು ಕಾಗದ ತೆಗೆದು ನನ್ನ ಮುಂದೆ ಇಟ್ಟರು, ಆಕೆಯ ದುಂಡನೆಯ ಅಕ್ಷರ. 230 ಭಾಗಿಸು 2, 115. 230 ಗುಣಿಸು 2, 460. ಕೆಳಗೆ ನೂರಾ ಐವತ್ತೈದು ಸುತ್ತು.

"ನಾಲ್ಕು ಕಾಯಿಲ್ ಇದರಂಗ ಸುತ್ತು."

"ನಾನ ಯಾಕ? ನಿಮ್ಮ ಬಾಯಿಯವ್ರು ಸುತ್ತಲಿ."

"ಆಕಿಗೆ ಸಾಲಿ ಇರ್ತದ. ಯಾರು ಸುತ್ತಿದ್ರೂ ನಡೀತದ ಗುಲ್ಜಾರ, ಕಾಗದ ಅದಲ್ಲ. ಮುಂದ ಕೆಲಸ ಹೆಚ್ಚಾದ್ರ ಶೆಡ್ಡಿನ್ಯಾಗ ಯಾರ್ನರ ಕೂಡಸೋಣು."

ಯಾರು ಸುತ್ತಿದರೂ ನಡೆಯುತ್ತದೆ. ಆರು ವರ್ಷ ಕಣ್ಣು ನೋಯಿಸಿಕೊಂಡು ಸುತ್ತಿದವಳಿಗೆ ಗಂಡ ಹೇಳುವ ಮಾತೇ ಇದು. ನಾನು ಅತ್ತೆ, ಆದರೆ ಅವರು ಹೊರಗೆ ಹೋದ ಮೇಲೆ.

ಮರುದಿನ ಶನಿವಾರ. ನಾನು ಸುತ್ತಲು ಕೂಡುವುದು ಒಳಮನೆಯಲ್ಲಿ. ಅಲ್ಲಿ ಕಿಟಕಿ ಇಲ್ಲ, ಹಗಲೂ ದೀಪ ಹಚ್ಚಬೇಕು. ಆಕೆಯ ಮೊದಲ ಕಾಯಿಲ್ ಹಿಡಿದು ನಲವತ್ತು ಮಣಿ ಸರಿಸಿರಬೇಕು, ಆಚೆ ಯಾಕೂಬಸಾಬನ ಗಿರಣಿ ಧಡಧಡ ಶುರುವಾಯಿತು, ದೀಪ ಹಳದಿಯಾಯಿತು. ಇದು ದಿನದ ಮಾತು. ಗಿರಣಿ ಶುರುವಾದರೆ ನಮ್ಮ ಗಲ್ಲಿಯ ದೀಪಗಳೆಲ್ಲ ಬಾಡುತ್ತವೆ, ಶುಕ್ರವಾರ ಮಾತ್ರ ದಿನವಿಡೀ ಬೆಳ್ಳಗೆ ಇರುತ್ತವೆ. ಆರು ವರ್ಷ ನೋಡಿದ್ದೆ, ಒಮ್ಮೆಯೂ ಯೋಚಿಸಿರಲಿಲ್ಲ. ತಂತಿ ಕೈಯಲ್ಲೇ ಉಳಿಯಿತು.

ನಿನ್ನೆ ಶುಕ್ರವಾರ. ಗಿರಣಿ ಇರಲಿಲ್ಲ.

ನಾನು ಕನ್ನಡ ಸಾಲೆಯಲ್ಲಿ ಮೂರನೆಯ ಇಯತ್ತೆವರೆಗೆ ಕಲಿತವಳು. ಗುಣಾಕಾರ ಭಾಗಾಕಾರ ನನಗೂ ಬರುತ್ತದೆ. ನಮ್ಮವರು ಲೆಕ್ಕ ಬರೆದುಕೊಂಡ ವಹಿ ತೆಗೆದೆ, ಪಾಟಿ ತೆಗೆದೆ, ಬಾಗಿಲು ಹಾಕಿಕೊಂಡೆ. ಒತ್ತಡ ಇಳಿದರೆ ಹರಿಯುವುದೂ ಇಳಿಯಬೇಕು. ನನ್ನ ಕಾಯಿಲ್ ಎಪ್ಪತ್ತನಾಲ್ಕು ಓಮ್ ಎಂದು ಆಕೆಯೇ ಅಳೆದಿದ್ದಾಳೆ. ಅದು ಈ ಗಲ್ಲಿಯಲ್ಲಿ ಆರು ವರ್ಷ ಹದವಾಗಿ ನಡೆದಿದೆ ಅಂದರೆ ಇಲ್ಲಿ ಅದು ನಾಲ್ಕುನೂರಾ ಅರವತ್ತು ವ್ಯಾಟಿನ ಹತ್ತಿರವೇ ಕೊಡುತ್ತಿರಬೇಕು. ಹಾಗಾದರೆ ಇಲ್ಲಿ ವೋಲ್ಟ್ ಎಷ್ಟು? ಇನ್ನೂರು ಹಿಡಿದು ನೋಡಿದೆ. ಎಪ್ಪತ್ತನಾಲ್ಕರಿಂದ ಭಾಗಿಸಿದೆ, ಬಂದದ್ದನ್ನು ಮತ್ತೆ ಇನ್ನೂರಕ್ಕೆ ಗುಣಿಸಿದೆ, ಐದುನೂರಾ ನಲವತ್ತು. ಹೆಚ್ಚಾಯಿತು. ನೂರಾ ಎಂಬತ್ತು ಹಿಡಿದೆ, ನಾಲ್ಕುನೂರಾ ಮೂವತ್ತೇಳು. ಕಡಿಮೆಯಾಯಿತು. ನೂರಾ ಎಂಬತ್ತೈದು ಹಿಡಿದೆ. ಎರಡೂವರೆ ಆಂಪಿಯರ್, ನಾಲ್ಕುನೂರಾ ಅರವತ್ತೆರಡು ವ್ಯಾಟ್.

ನೂರಾ ಎಂಬತ್ತೈದು. ಗಿರಣಿ ನಡೆಯುವಾಗ ನಮ್ಮ ಗಲ್ಲಿಗೆ ಬರುವುದು ಇಷ್ಟೇ. ವಹಿಯ ಮೂಲೆಯಲ್ಲಿ ಆ ಅಂಕಿ ಬರೆದೆ.

ಆಮೇಲೆ ಆಕೆಯ ಕಾಯಿಲ್ ಲೆಕ್ಕ ಹಾಕಿದೆ. ನೂರಾ ಎಂಬತ್ತೈದನ್ನು ನೂರಾ ಹದಿನೈದರಿಂದ ಭಾಗಿಸಿದರೆ ಒಂದೂ ಮುಕ್ಕಾಲು ಆಂಪಿಯರೂ ಇಲ್ಲ. ಗುಣಿಸಿದರೆ ಮುನ್ನೂರು ವ್ಯಾಟ್ ಸಹ ಮುಟ್ಟಲಿಲ್ಲ. ಆ ಇಸ್ತ್ರಿಯಿಂದ ಕರವಸ್ತ್ರ ಒತ್ತಬಹುದು, ಲಷ್ಕರದ ಖಾಕಿ ಒತ್ತಲಾಗದು.

ನಾನು ಆಗಲೇ ಎದ್ದು ಅಂಗಡಿಗೆ ಹೋಗಿ ಹೇಳಬೇಕಾಗಿತ್ತು. ಹೇಳಲಿಲ್ಲ. ಕುಳಿತಲ್ಲೇ ನಕ್ಕೆ. ಎಂಥ ಸುಖವಾಯಿತೆಂದರೆ, ಅಲ್ಲಾ ಮಾಫ್ ಮಾಡಲಿ, ಅಂಥ ಸುಖ ನನಗೆ ಈದಿನ ದಿನವೂ ಆಗಿಲ್ಲ. ಸುತ್ತುತ್ತೇನೆ, ಒಂದು ಸುತ್ತು ಹೆಚ್ಚಿಲ್ಲ, ಕಡಿಮೆಯಿಲ್ಲ, ಆಕೆಯ ಕಾಗದದಂತೆಯೇ ಸುತ್ತುತ್ತೇನೆ. ಕೆಲಸದ ದಿನ, ಎಲ್ಲರೆದುರು, ಆ ನಾಲ್ಕು ಇಸ್ತ್ರಿ ತಣ್ಣಗೆ ಕೂಡಲಿ. ಆಗ ನಾನು ಹೋಗಿ ನನ್ನ ನಾಲ್ಕು ಕಾಯಿಲ್ ಮೇಜಿನ ಮೇಲೆ ಇಡುತ್ತೇನೆ. ಆಗ ನೋಡೋಣ ಯಾರು ಸುತ್ತಿದರೂ ನಡೆಯುತ್ತದೋ ಇಲ್ಲವೋ.

ಹತ್ತು ದಿನ ಕೆಲಸ ಮಾಡಿದೆ. ಗಂಡನಿಗೆ ನಾಲ್ಕು, ನನಗೆ ನಾಲ್ಕು. ಉಳಿದ ತಂತಿ, ಹಳೆಯ ಇಸ್ತ್ರಿಗಳ ಅಭ್ರಕ ಸಾಕಾಯಿತು. ನನ್ನವನ್ನು ಕಾಳಿನ ಗಡಿಗೆಯಲ್ಲಿ ಬಚ್ಚಿಟ್ಟೆ. ಈ ನಡುವೆ ಎರಡು ಸಲ ಹೇಳಿಬಿಡುವ ಮನಸ್ಸಾದದ್ದುಂಟು. ಒಂದು ಸಲ ನಮ್ಮವರು ಜ್ವರ ಬಂದು ಮಲಗಿದ್ದರು, "ನೌಕರಿ ಕಾಯಂ ಆದ್ರ ಸಾಕು ಗುಲ್ಜಾರ, ಇನ್ನ ಕಂಬ ಹತ್ತಾಕ ಆಗೂದಿಲ್ಲ" ಅಂದರು. ಬಾಯಿಯವರೆಗೆ ಬಂತು. ಅಷ್ಟರಲ್ಲಿ "ಬಾಯಿಯವ್ರ ಉಪಕಾರ ಮರಿಯೂಹಂಗಿಲ್ಲ" ಅಂದರು. ಬಂದದ್ದನ್ನು ನುಂಗಿದೆ.

ಸೋಮವಾರ ಇಸ್ತ್ರಿಗಳು ಶೆಡ್ಡಿಗೆ ಹೋದವು. ಹನ್ನೊಂದು ಗಂಟೆಗೆ ನಾನು ಬುರಖಾದ ಒಳಗೆ ಚೀಲ ಹಿಡಿದು ಹೆಂಗಸರ ಬಾಗಿಲಿನಿಂದ ಒಳಗೆ ಹೋದೆ, ಗೋಣಿತಟ್ಟಿನ ಹಿಂದೆ ನಿಂತೆ. ತಟ್ಟಿನ ಹರಕಿನಿಂದ ಎಲ್ಲ ಕಾಣುತ್ತಿತ್ತು. ಗಿರಣಿಯ ಧಡಧಡ ನೆಲದವರೆಗೆ ಬರುತ್ತಿತ್ತು. ಖಾಜಾಸಾಬ ಒಂದೊಂದೇ ಇಸ್ತ್ರಿಯ ತಳಕ್ಕೆ ಅಂಗೈ ಹಚ್ಚಿ ನೋಡುತ್ತಿದ್ದ. ಅಂಗೈ ಹಚ್ಚಬಹುದಾದ ಇಸ್ತ್ರಿ ಯಾವ ಇಸ್ತ್ರಿ?

"ಮಿಸ್ತ್ರಿ, ಸಂಜಿ ಐದಕ್ಕ ಮಾಲು ಸ್ಟೇಶನ್ನಿಗೆ ಹೋಗಬೇಕು. ನಾಲ್ಕುನೂರು ಅಂಗಿ ಮುದ್ದಿ ಆಗಿ ಬಿದ್ದಾವ. ಏನ್ ಹಚ್ಚೀಯೋ ನೀನು? ಅವತ್ತು ಛಲೋ ಇತ್ತಲ್ಲ."

ನಮ್ಮವರ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ದೀನಾಬಾಯಿಗೆ ಯಾರೋ ಹೇಳಿಕಳಿಸಿದ್ದರು, ಆಕೆಯೂ ಪೆಟ್ಟಿಗೆ ಹಿಡಿದು ಬಂದು ನಿಂತಳು. ಖಾಜಾಸಾಬ ಆಕೆಯ ಕಡೆ ತಿರುಗಿದ.

"ಬಾಯಿಯವರ, ನಿಮ್ಮ ಲೆಕ್ಕ ನಂಬಿ ನಾನು ಕೆಟ್ಟೆ ನೋಡ್ರಿ."

ಇದೇ ಹೊತ್ತು. ಇದಕ್ಕಾಗಿಯೇ ಹತ್ತು ದಿನ ಕಾದಿದ್ದೆ. ತಟ್ಟು ಸರಿಸಲು ಕೈ ಎತ್ತಿದೆ. ಅಷ್ಟರಲ್ಲಿ ನಮ್ಮವರು ಮಾತಾಡಿದರು.

"ಲೆಕ್ಕ ಬರೋಬರಿ ಅದ ಸಾಹೇಬರ. ಬಾಯಿಯವ್ರದು ಏನೂ ತಪ್ಪಿಲ್ಲ. ಸುತ್ತಿದಾಕಿ ನಮ್ಮ ಮನ್ಯಾಕಿ. ಆಕಿ ಕೈ ತಪ್ಪಿರಬೇಕು. ಮನಸ್ಸಿಲ್ಲದ ಸುತ್ತ್ಯಾಳ."

ನನ್ನ ಕೈ ತಟ್ಟಿನ ಮೇಲೆಯೇ ಉಳಿಯಿತು. ಆರು ವರ್ಷ ಆ ಕೈ ಯಾರದೆಂದು ಒಬ್ಬ ಗಿರಾಕಿಗೂ ಹೇಳದವರು, ಇವತ್ತು ಊರ ಜನರ ಮುಂದೆ ಹೇಳಿದರು, ಹೇಳಿದ್ದು ಇದನ್ನು. ಕಾಜಾ ಹಾಕುವ ಹೆಂಗಸರೆಲ್ಲ ಸೂಜಿ ನಿಲ್ಲಿಸಿ ನನ್ನ ಕಡೆ ನೋಡಿದರು.

ಖಾಜಾಸಾಬ ಹೂಂ ಎಂದ. ಅವನಿಗೆ ಆ ಮಾತು ಒಪ್ಪಿಗೆಯಾಯಿತು. ಎಲ್ಲರಿಗೂ ಒಪ್ಪಿಗೆಯಾಯಿತು. ಹೆಂಗಸಿನ ಕೈ ತಪ್ಪಿತು, ಮತ್ತೆ ಸುತ್ತಿಸು, ಮುಗಿಯಿತು.

ದೀನಾಬಾಯಿ ಮಾತ್ರ ಪೆಟ್ಟಿಗೆ ತೆಗೆದಳು.

"ಸ್ವಲ್ಪ ತಡೀರಿ" ಅಂದಳು. "ಅಳೀದ ಯಾರ ಮ್ಯಾಲೂ ಹಾಕಬಾರದ್ರಿ."

ಮೂರು ಇಸ್ತ್ರಿ ಬಂದ್ ಮಾಡಿ, ಉಳಿದ ಒಂದಕ್ಕೆ ಮೀಟರು ಹಚ್ಚಿದಳು. ಕನ್ನಡಕ ಏರಿಸಿ ಬಗ್ಗಿ ನೋಡಿದಳು. ಮತ್ತೊಮ್ಮೆ ನೋಡಿದಳು.

"ನೂರಾ ಎಂಬತ್ತನಾಲ್ಕು ವೋಲ್ಟ್" ಅಂದಳು.

ಒಂದೇ ವೋಲ್ಟ್. ಮೀಟರಿಲ್ಲದೆ, ಒಳಮನೆಯ ಪಾಟಿಯ ಮೇಲೆ ನಾನು ಹಾಕಿದ ಲೆಕ್ಕಕ್ಕೂ ಆಕೆಯ ಅಪ್ಪನ ಮೀಟರಿಗೂ ಒಂದೇ ವೋಲ್ಟಿನ ಫರಕು. ಹೇಳಿಕೊಳ್ಳಲು ಆ ಹೊತ್ತು ನನಗೆ ಲೋಕದಲ್ಲಿ ಒಬ್ಬರೂ ಇರಲಿಲ್ಲ.

ಆಕೆ ಸೀಮೆಸುಣ್ಣ ತೆಗೆದು ಕೆಳಗೆ ನೆಲದ ಮೇಲೇ ಬರೆದಳು. ಒಂದು ಪಾಯಿಂಟ್ ಆರು ಆಂಪಿಯರ್. ನೂರಾ ಎಂಬತ್ತನಾಲ್ಕನ್ನು ಅದರಿಂದ ಭಾಗಿಸಿದಳು. ನಾಲ್ಕೂ ಇಸ್ತ್ರಿಗಳನ್ನು ಒಂದೊಂದಾಗಿ ಹಾಗೆಯೇ ಅಳೆದಳು. ಆಮೇಲೆ ಎದ್ದು ನಿಂತು, ಕೈಯ ಸುಣ್ಣ ಒರೆಸಿಕೊಳ್ಳದೆ ಖಾಜಾಸಾಬನಿಗೆ ಹೇಳಿದಳು.

"ನಾಲ್ಕೂ ನೂರಾ ಹದಿನೈದು ಓಮ್ ಅವ. ಅವರ ಕೈ ಒಂದು ಸುತ್ತೂ ತಪ್ಪಿಲ್ರಿ. ತಪ್ಪಿದ್ದು ನಾನು. ಅವತ್ತು ಗಿರಣಿ ಬಂದ್ ಇತ್ತು, ವೋಲ್ಟ್ ಪೂರಾ ಇತ್ತು. ಅದನ್ನ ನಂಬಿ ನನ್ನ ಲೆಕ್ಕ ಖರೆ ಅಂತ ತಿಳಿದೆ. ಈಗ ಮುನ್ನೂರು ವ್ಯಾಟ್ ಸೈತ ಬರವಲ್ದು. ಕೆಲಸದ ದಿನ ಬಂದು ನೋಡಬೇಕಾಗಿತ್ತು, ನೋಡಲಿಲ್ಲ."

ಖಾಜಾಸಾಬ ಸುಮ್ಮನಿರಲಿಲ್ಲ. ಸಾಲೆಯಲ್ಲಿ ಮಕ್ಕಳ ಮುಂದೆ ಬರೆಯುವ ಲೆಕ್ಕ ಬೇರೆ, ದುಡಿಯುವ ಲೆಕ್ಕ ಬೇರೆ, ಹೆಣ್ಣುಮಕ್ಕಳು ಇದಕ್ಕೆಲ್ಲ ಯಾಕೆ ಕೈ ಹಾಕಬೇಕು ಎಂದು ಬಾಯಿಗೆ ಬಂದಂತೆ ಅಂದ. ಆಕೆ ನಿಂತು ಕೇಳಿಸಿಕೊಂಡಳು. ಮುಖ ಕೆಂಪಾಗಿತ್ತು, ಕಣ್ಣು ಕೆಳಗೆ ಹಾಕಲಿಲ್ಲ. ನಮ್ಮವರು ಗೋಡೆಯ ಕಡೆ ನೋಡುತ್ತಿದ್ದರು.

ಆಗ ನಾನು ತಟ್ಟು ಸರಿಸಿ ಹೊರಗೆ ಬಂದೆ. ಯಾರಿಗಾಗಿ ಬಂದೆ ಎಂದು ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಚೀಲವನ್ನು ಆಕೆಯ ಕೈಗೆ ಕೊಟ್ಟೆ, ಗಂಡನ ಕೈಗಲ್ಲ.

ಆಕೆ ಒಂದು ಕಾಯಿಲ್ ತೆಗೆದು ಮೀಟರಿಗೆ ಹಚ್ಚಿದಳು. ಎರಡೂವರೆ ಆಂಪಿಯರ್. ನಾಲ್ಕುನೂರಾ ಅರವತ್ತು ವ್ಯಾಟ್. "ಬರೋಬರಿ ಅವ ನೋಡ್ರಿ" ಎಂದು ಖಾಜಾಸಾಬನಿಗೆ ಹೇಳಿದಳು. "ಆದ್ರ ಗಿರಣಿ ನಿಂತ ಕೂಡಲೆ ಇಸ್ತ್ರಿ ಬಂದ್ ಮಾಡ್ರಿ, ಇಲ್ಲಾಂದ್ರ ಸುಡತಾವ."

ನಮ್ಮವರ ಮುಖಕ್ಕೆ ರಕ್ತ ಬಂತು. ಒಂದು ಹೆಜ್ಜೆ ಮುಂದೆ ಬಂದು, ಎದೆ ತಟ್ಟಿಕೊಂಡಂತೆ ಹೇಳಿದರು.

"ಸುತ್ತಿದಾಕಿ ನಮ್ಮ ಮನ್ಯಾಕಿ ಸಾಹೇಬರ. ಆಕಿ ಕೈಗೆ ಸರಿ ಯಾರದೂ ಇಲ್ಲ."

ಅದೇ ಬಾಯಿ. ಹತ್ತು ದಿನ ನಾನು ಕಾದದ್ದು ಈ ಮಾತನ್ನು ಎಲ್ಲರೆದುರು ಕೇಳುವುದಕ್ಕೇ. ಕೇಳಿದೆ. ತಣ್ಣಗಿನ ಇಸ್ತ್ರಿಯನ್ನು ಮುಟ್ಟಿದ ಹಾಗಿತ್ತು.

"ಇವನ್ನ ಯಾವಾಗ ಸುತ್ತಿದಿ?" ಎಂದು ಖಾಜಾಸಾಬ ಕೇಳಿದ.

"ಹತ್ತು ದಿನದಿಂದ ಸುತ್ತಾಕತ್ತೇನ್ರಿ. ಅವು ಕಾಯೂದಿಲ್ಲ ಅಂತ ನನಗ ಗೊತ್ತಿತ್ತು."

ಖಾಜಾಸಾಬನಿಗೆ ಅದರ ಗೊಡವೆಯಿರಲಿಲ್ಲ, ಅವನಿಗೆ ಐದು ಗಂಟೆಯ ಗಾಡಿ. ಲಗೂ ಹಚ್ಚು ಹಚ್ಚು ಎಂದು ಕೂಗಿದ. ನಮ್ಮವರು ಮಾತ್ರ ನನ್ನನ್ನು ನೋಡುತ್ತ ನಿಂತರು. ನಾನು ಅವರಿಗೆ ಏನು ಮಾಡಿದ್ದೆನೋ ಅವರಿಗೆ ತಿಳಿಯಿತು, ಅವರು ನನಗೆ ಏನು ಮಾಡಿದ್ದರೋ ನಾನು ಕೇಳಿಸಿಕೊಂಡಿದ್ದೇನೆಂಬುದೂ ತಿಳಿಯಿತು. ಬಗ್ಗಿ ಇಸ್ತ್ರಿಯ ಸ್ಕ್ರೂ ಬಿಚ್ಚತೊಡಗಿದರು.

ಹೊರಗೆ ಬೇವಿನ ಗಿಡದ ಕೆಳಗೆ ದೀನಾಬಾಯಿ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಳು. ನಾನು ಹಾದುಹೋಗಬೇಕೆಂದಿದ್ದೆ. ಆಕೆ ಕರೆದಳು.

"ಗೊತ್ತಿತ್ತಂದ್ರಿ. ನನಗೊಂದು ಮಾತು ಹೇಳಿದ್ರ ಆಗ್ತಿದ್ದಿಲ್ಲೇನ್ರಿ?"

"ನಿಮ್ಮ ಲೆಕ್ಕ ಸೋಲಲಿ ಅಂತ ಹೇಳಲಿಲ್ಲ."

ಆಕೆ ಹಗ್ಗದ ಗಂಟು ಹಾಕಿ ಮುಗಿಸಿದಳು. ಸಿಟ್ಟು ಬರಲಿ, ಬೈಯಲಿ ಎಂದು ಕಾದು ನಿಂತೆ.

"ಸೋತಿತಲ್ರಿ" ಅಂದಳು. "ನೂರಾ ಎಂಬತ್ತೈದರ ಅಂದಾಜು ಹೆಂಗ ಹಾಕಿದ್ರಿ, ಒಮ್ಮೆ ತೋರಸ್ರಿ ನನಗ. ಮಿಸ್ತ್ರಿ ವಹಿಯೊಳಗ ಆ ಅಂಕಿ ನೋಡಿದ್ದೆ, ಅಕ್ಷರ ಅವರದಲ್ಲ, ಯಾರದಂತ ಇವತ್ತು ತಿಳೀತು." ಸಾಲೆಯ ಎರಡನೆಯ ಗಂಟೆಗೆ ಹೊತ್ತಾಯಿತೆಂದು ಲಗುಬಗೆಯಿಂದ ಹೊರಟುಹೋದಳು.

ನಮ್ಮವರಿಗೆ ನೌಕರಿ ಕಾಯಂ ಆಯಿತು. ನೌಕರಿ ಉಳಿಸಲು ಹಾಗೆ ಅಂದೆ ಎಂದು ಆಮೇಲೆ ಎಷ್ಟೋ ಸಲ ಹೇಳಿದರು. ಉಳಿಸಲು ದೀನಾಬಾಯಿಯ ಹೆಸರೂ ಹೇಳಬಹುದಿತ್ತಲ್ಲ ಎಂದು ಒಂದು ಸಲ ಕೇಳಿದೆ, ಅಂಗಿ ಹಾಕಿಕೊಂಡು ಹೊರಗೆ ಹೋದರು, ಮತ್ತೆ ಕೇಳಲಿಲ್ಲ. ಸಾಲೆಯ ಕಟ್ಟೆಗೆ ಹೋಗುವುದು ನಿಂತುಹೋಯಿತು. ಎರಡು ವರ್ಷಕ್ಕೆ ದೀನಾಬಾಯಿಗೆ ಗದಗಿನ ಕಡೆ ಬದಲಿಯಾಯಿತು. ಆಕೆಗೆ ನನ್ನ ಲೆಕ್ಕ ತೋರಿಸಲು ನಾನು ಹೋಗಲೇ ಇಲ್ಲ.

ಆಕೆ ಅವತ್ತು ಸುಮ್ಮನಿದ್ದರೆ ಸಾಕಿತ್ತು. ನನ್ನ ಗಂಡನೇ ಆಕೆಗೆ ಪಾರಾಗುವ ದಾರಿ ಮಾಡಿಕೊಟ್ಟಿದ್ದರು, ಊರೇ ಒಪ್ಪಿತ್ತು, ಪೆಟ್ಟಿಗೆ ತೆಗೆಯದೆ ಮನೆಗೆ ಹೋಗಿದ್ದರೆ ಆಕೆಯ ಲೆಕ್ಕ ತಪ್ಪೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಆಕೆ ಒಂದು ಗಳಿಗೆ ಸಹ ಯೋಚಿಸಲಿಲ್ಲ. ನಾನು ಹತ್ತು ದಿನ ಯೋಚಿಸಿ ಬಾಯಿ ಮುಚ್ಚಿಕೊಂಡಿದ್ದೆ. ಈಗ ನನಗೆ ಅರವತ್ತು ದಾಟಿದೆ, ಗಂಡನ ಮೇಲಿನ ಸಿಟ್ಟು ಯಾವಾಗಲೋ ಹೋಯಿತು. ಆಕೆಯನ್ನು ನೆನೆದರೆ ಇನ್ನೂ ಹೊಟ್ಟೆ ಉರಿಯುತ್ತದೆ, ಮತ್ತು ಅದು ಗಂಡನ ಸಲುವಾಗಿ ಅಲ್ಲ.